ಬಣ್ಣದವಳ ಮನೆಯಿಂದ

ನವೆಂಬರ್ ೯, ಭಾನುವಾರ

ಅಕ್ಕನಿಗೆ,

ನಮಸ್ಕಾರ. ನೀನು ಗಟ್ಟಿಮುಟ್ಟಾಗಿದ್ದೀಯ ಎಂದು ನಿನ್ನ ಪತ್ರದ ಜೋರು ನೋಡಿಯೇ ತಿಳಿಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೊದಲು ಬರೆದದ್ದರಲ್ಲಿ ಬರೀ ಬೈಗುಳವಿತ್ತು, ಹರಿದು ಹಾಕಿದೆ. ಇದರಲ್ಲೂ ಇರುತ್ತದೆ, ಆದರೆ ನಡುನಡುವೆ ಸುದ್ದಿಯೂ ಇರುತ್ತದೆ.

'ಪಾಪಚ್ಚಿ' ಎಂದು ಶುರು ಮಾಡಿದ್ದೀಯ. ನಾನು ತಲೆಕೂದಲಿಗೆ ಬಣ್ಣ ಹಚ್ಚುವ ವಯಸ್ಸಿಗೆ ಬಂದಿದ್ದೇನೆ ಅಕ್ಕ. ನನ್ನಿಂದ ಏನಾದರೂ ಆಗಬೇಕಾದಾಗ ಮಾತ್ರ ನಿನಗೆ ನಾನು ಪಾಪಚ್ಚಿ. ಅಪ್ಪನ ಕಣ್ಣಾಸ್ಪತ್ರೆಯ ಹೊಸ ಕಟ್ಟಡಕ್ಕೆ ಸುಣ್ಣಬಣ್ಣ ಆಗಿದೆ, ಅಪ್ಪನ ಕೈ ನಡುಗುತ್ತಿದೆ, ಇನ್ನು ಅವರು ಆಪರೇಷನ್ ಮಾಡುವ ಹಾಗಿಲ್ಲ, ಮುಖ್ಯ ವೈದ್ಯೆಯ ಕುರ್ಚಿ ನನಗಾಗಿ ಕಾದಿದೆ. ಎಲ್ಲ ಓದಿದೆ. 'ಅವಳನ್ನೂ ಕರ್ಕೊಂಡು ಬಾ, ಕೆಳಗಡೆ ಬೇಸ್‌ಮೆಂಟಲ್ಲಿ ಒಂದು ರೂಮು ಕೊಡೋಣ, ಸ್ಟಾಫ್ ಅಂತ ಇರಲಿ, ಯಾರಿಗೂ ಏನೂ ಹೇಳೋದು ಬೇಡ' ಎಂಬ ಸಾಲನ್ನೂ ಓದಿದೆ. ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ಕುಂಚ ತೊಳೆಯುತ್ತಾ, "ರೂಮಿಗೆ ಕಿಟಕಿ ಇದೆಯಂತಾ?" ಎಂದಳು. ನಗಲಿಲ್ಲ.

ನಡೆದದ್ದನ್ನು ಮತ್ತೊಮ್ಮೆ ಬರೆಯುತ್ತೇನೆ. ನಿನಗೆ ಗೊತ್ತಿಲ್ಲವೆಂದಲ್ಲ, ನಿನ್ನ ಪತ್ರದಲ್ಲಿ ಅದರ ಆಕಾರವೇ ಬದಲಾಗಿದೆ. 'ನೀವಿಬ್ಬರೂ ದೂರ ಆಗಿದ್ದು' ಎಂದು ಬರೆದಿದ್ದೀಯ. ದಾರಿಯಲ್ಲಿ ನಡೆಯುತ್ತಾ ಕೈತಪ್ಪಿ ಹೋದ ಹಾಗೆ!

ನಾನು ರೆಟಿನಾ ಆಪರೇಷನ್ ಕಲಿಯಲು ವರ್ಷದ ಮಟ್ಟಿಗೆ ದೂರ ಹೋಗಿದ್ದೆ. ಅವಳು ನಮ್ಮ ಆಸ್ಪತ್ರೆಯಲ್ಲೇ ಇದ್ದಳು, ಕಣ್ಣು ಕಳೆದುಕೊಂಡವರಿಗೆ ಬಣ್ಣ ಹಚ್ಚಿ ಕೃತಕ ಕಣ್ಣು ಮಾಡಿಕೊಡುತ್ತಾ. ನೀವೆಲ್ಲ ಅವಳನ್ನು ಹೆಸರು ಹಿಡಿದು ಕರೆದವರೇ ಅಲ್ಲ, 'ಬಣ್ಣದವಳು' ಎಂದೇ ಕರೆದಿರಿ. ಒಂದು ದಿನ ನೀನು ಅವಳನ್ನು ಆಫೀಸಿಗೆ ಕರೆಸಿ, ಬಾಗಿಲು ಹಾಕಿ, ಕಣ್ಣೀರು ಸುರಿಸಿ ಹೇಳಿದೆಯಂತೆ: "'ನನಗೆ ಹೇಳೋಕೆ ಆಗಲ್ಲ, ನೀನೇ ಹೇಳಕ್ಕ' ಅಂದಳು ನನ್ನ ತಂಗಿ. ಅವಳಿಗೆ ಗಂಡು ಗೊತ್ತಾಗಿದೆ. ಇನ್ನು ಅವಳಿಗೆ ಮುಖ ತೋರಿಸ್ಬೇಡಮ್ಮ." ನನಗೆ ಫೋನಿನಲ್ಲಿ ಹೇಳಿದ್ದು ಇನ್ನೊಂದು: "ಬಿಟ್ಟು ಹೋದಳು ಕಣೇ. ಮದುವೆಯಂತೆ. ಹುಡುಕ್ಬೇಡ ಅಂತ ಹೇಳಿ ಹೋದಳು." ನಾನು ಕರೆ ಮಾಡಿದರೆ ಅವಳ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಒಂದೇ ಮದುವೆಯನ್ನು ಇಬ್ಬರಿಗೂ ಹಂಚಿದೆ. ಗಂಡುಗಳನ್ನು ಹುಡುಕುವ ಖರ್ಚೂ ನಿನಗೆ ಬರಲಿಲ್ಲ.

ನಾನು ವಾಪಸ್ಸು ಬಂದೆ, ಬಿಳಿ ಕೋಟು ಹಾಕಿಕೊಂಡೆ, ಎಂಟು ವರ್ಷ ನಿಮ್ಮ ಆಸ್ಪತ್ರೆಯಲ್ಲಿ ದುಡಿದೆ. ಬಂದ ಸಂಬಂಧಗಳನ್ನೆಲ್ಲ ಒಲ್ಲೆ ಎಂದಾಗ ನೀನು ನೆಂಟರಿಗೆ, "ಅವಳು ಕೆಲಸಾನೇ ಮದುವೆ ಆಗಿದಾಳೆ" ಎಂದು ಹೇಳಿಕೊಂಡು ತಿರುಗಿದೆ. ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ!

ಆಮೇಲೆ ಆ ನಿವೃತ್ತ ಬಸ್ ಡ್ರೈವರ್ ಬಂದರು. ಬಲಗಣ್ಣಿಗೆ ಪೊರೆ, ಎಡಗಣ್ಣು ಕೃತಕ. ಎಡಗಣ್ಣಿನ ಬಿಳಿಯಲ್ಲಿ ಕೆಂಪು ರೇಷ್ಮೆ ಎಳೆಗಳನ್ನು ನರಗಳ ಹಾಗೆ ಹರಡಿದ್ದ ರೀತಿ ನೋಡುತ್ತಿದ್ದಂತೆ ಅದು ಅವಳ ಕೈಕೆಲಸವೆಂದು ಗುರುತು ಸಿಕ್ಕಿತು. ಒಬ್ಬೊಬ್ಬರ ಅಕ್ಷರ ಇದ್ದ ಹಾಗೆ ಅದು, ಬೇರೆಯವರದ್ದಾಗಲು ಸಾಧ್ಯವಿಲ್ಲ. "ಎಲ್ಲಿ ಮಾಡಿಸಿದ್ರಿ?" ಎಂದೆ. "ಬಾಯಿ ಜೋರು ಮೇಡಂ ಆಯಮ್ಮಂದು, ಆದ್ರೆ ಕೆಲಸ ಅಂದ್ರೆ ಕೆಲಸ" ಎಂದು ವಿಳಾಸ ಹೇಳಿದರು.

ಬೀಗದ ಕೈ ಮಾಡುವ ಅಂಗಡಿಯ ಮೇಲೆ ಅವಳ ಕೋಣೆ. ಉತ್ತರಕ್ಕೆ ದೊಡ್ಡ ಕಿಟಕಿ, ಅದರೆದುರು ರೋಗಿಯ ಕುರ್ಚಿ. ಬೇರೆ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ ಎಂದು ಮೊದಲಿನಿಂದಲೂ ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಅಪಾಯಿಂಟ್‌ಮೆಂಟ್ ಇದೆಯಾ?"

"ಇಲ್ಲ."

"ಹಾಗಾದ್ರೆ ಹೊರಗೆ ಕೂತಿರಿ."

ಬಹುವಚನ! ಕೂತೆ. ರೋಗಿ ಹೋದ ಮೇಲೆ ಒಳಗೆ ಕರೆದು ಅಂದಳು, "ಮುಖ ತೋರಿಸ್ಬೇಡ ಅಂದಿರಿ, ತೋರಿಸಿಲ್ಲ. ಈಗ ನಿಮ್ಮ ಮುಖ ಯಾಕೆ ತೋರಿಸೋಕೆ ಬಂದ್ರಿ? ಯಜಮಾನರು ಚೆನ್ನಾಗಿದ್ದಾರಾ?"

"ಯಾವ ಯಜಮಾನರು? ಮದುವೆ ಆಗಿದ್ದು ನೀನು."

"ನಾನಾ?"

ನಿನ್ನ ಕೆಲಸ ಬಯಲಾಗಲು ಅಷ್ಟೇ ಮಾತು ಸಾಕಾಯಿತು ಅಕ್ಕ. ಅಪ್ಪಿಕೊಂಡು ಅತ್ತೆವು ಎಂದುಕೊಂಡೆಯಾ? ಜಗಳವಾಡಿದೆವು. "ಬಂದು ನನ್ನನ್ನೇ ಕೇಳ್ಬೇಕಿತ್ತು ನೀವು" ಎಂದು ಅವಳು. "ನೀನು ನಂಬಿದ್ಯಲ್ಲ!" ಎಂದು ನಾನು. ಕೆಳಗಿನ ಅಂಗಡಿಯವನು ಕೀಲಿ ಉಜ್ಜುವುದನ್ನು ನಿಲ್ಲಿಸಿ ಮೇಲೆ ಬಂದು, "ಎಲ್ಲಾ ಸರಿ ಇದೆಯಾ ಮೇಡಂ?" ಎಂದು ಕೇಳಿದ. "ಯಾವುದೂ ಸರಿ ಇಲ್ಲ, ನೀವು ಹೋಗಿ" ಎಂದಳು.

ರಜೆ ಸಿಕ್ಕಾಗಲೆಲ್ಲ ಹೋದೆ. ಅವಳು ಮಾತಾಡುತ್ತಿರಲಿಲ್ಲ, ಹೋಗು ಎನ್ನುತ್ತಲೂ ಇರಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು ಬರುತ್ತಿದ್ದೆ. ಒಂದು ಮಧ್ಯಾಹ್ನ ತಿರುಗಿ ನೋಡದೆಯೇ ಕೈ ಚಾಚಿ, "ಬಿಳಿಯಲ್ಲಿ ಹಳದಿ ಜಾಸ್ತಿ ಆಯ್ತಾ ನೋಡು" ಎಂದಳು. ನೋಡಿ ಎನ್ನಲಿಲ್ಲ, ನೋಡು ಎಂದಳು. ಅಂಗೈಯಲ್ಲಿ ಯಾರದೋ ಕಣ್ಣು ಹಿಡಿದುಕೊಂಡು ನಾನು ಅತ್ತೆ. "ಹನಿ ಬೀಳಿಸಿದ್ರೆ ಮತ್ತೆ ಪಾಲಿಶ್ ಮಾಡ್ಬೇಕು" ಎಂದು ಕಿತ್ತುಕೊಂಡಳು.

ಆಮೇಲೆ ಅವಳನ್ನು ಅಪ್ಪನ ಮನೆಗೆ ಊಟಕ್ಕೆ ಕರೆತಂದದ್ದು ನಿನ್ನನ್ನು ಕೆಣಕಲಿಕ್ಕಲ್ಲ. ಕುರ್ಚಿ ಒಪ್ಪಿಕೊಳ್ಳುವ ಮೊದಲು ನಾನು ಯಾರ ಜೊತೆ ಬದುಕುತ್ತೇನೆಂದು ನೀವು ಒಮ್ಮೆ ನೋಡಲಿ ಎಂದು. ಊಟದ ಮೇಜಿನಲ್ಲಿ ಭಾವ ತಮಾಷೆಗೆ, "ಕಣ್ಣು ಮಾಡ್ತೀರಂತಲ್ಲ, ನಮ್ಮ ಮನೆಯವಳಿಗೂ ಬೆನ್ನಿಗೊಂದು ಮಾಡ್ಕೊಡಿ" ಎಂದರು. "ಅವರಿಗೆ ಆಗಲೇ ಇದೆ" ಎಂದಳು ಇವಳು. ಭಾವ ಒಬ್ಬರೇ ನಕ್ಕರು.

ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಇಬ್ಬರಿಗೂ ಯಾಕೆ ಸುಳ್ಳು ಹೇಳಿದೆ ಎಂದು ನಾನು ಕೇಳಿದ್ದಕ್ಕೆ ನೀನೆಂದೆ: "ಯಾಕೇ ನನ್ನ ತಿಂತೀಯ? ಅಪ್ಪ ಹೇಳಿದರು, ಮಾಡಿದೆ. ಅವರ ಮಾತು ಮೀರೋಕೆ ನನಗಾಗುತ್ತಾ?" ನಾನು ನೆಟ್ಟಗೆ ಮೇಜಿಗೆ ಬಂದು ಎಲ್ಲರೆದುರೇ ಕೇಳಿದೆ: ಇವಳನ್ನು ಕಳಿಸಲು ಹೇಳಿದ್ದು ನೀವಾ ಅಪ್ಪ? ಅಪ್ಪ ತುತ್ತು ನುಂಗಿ, ನೀರು ಕುಡಿದು, ಹೇಳಿದರು: "ನಾನು ಹೇಳಿಲ್ಲ. ನನಗೆ ಈ ವಿಷಯಾನೇ ಗೊತ್ತಿರಲಿಲ್ಲ." ಆಮೇಲೆ ಇವಳ ಕಡೆ ನೋಡಿ, "ಆದ್ರೆ ಕೇಳಿದ್ದಿದ್ರೆ ಅದನ್ನೇ ಹೇಳ್ತಿದ್ದೆ" ಎಂದರು.

ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಅದು ಸರಳವಾದ ಸಿಟ್ಟು. ಮುಖಕ್ಕೇ ಹೇಳಿದರು, ನಾನೂ ಮುಖಕ್ಕೇ ರಾಜೀನಾಮೆ ಕೊಟ್ಟೆ. ಇವಳು ಎದ್ದು, "ಊಟ ಚೆನ್ನಾಗಿತ್ತು" ಎಂದು ನಿನಗೆ ಕೈಮುಗಿದು ಹೊರಟಳು. ನೀನು ಗೇಟಿನವರೆಗೆ ಓಡಿಬಂದೆ. "ಇಬ್ಬರನ್ನೂ ಓದಿಸೋಕೆ ಆಗಲ್ಲ ಅಂತ ಅಪ್ಪ ಅಂದಾಗ ನಾನು ಕಾಲೇಜು ಬಿಟ್ಟು ಆಫೀಸಲ್ಲಿ ಕೂತೆ ಕಣೇ. ನೀನು ಡಾಕ್ಟರಾಗಲಿ ಅಂತ. ಈಗ ಇವಳ ಹಿಂದೆ ಹೋದ್ರೆ, ನಾನು ಇಷ್ಟು ದಿನ ಕೂತಿದ್ದು ಯಾತಕ್ಕೆ?" ಅವತ್ತು ನೀನು ಆಡಿದ ನಿಜವಾದ ಮಾತು ಅದೊಂದೇ. ನಿನಗೆ ಅನ್ಯಾಯವಾಗಿದೆ, ಒಪ್ಪುತ್ತೇನೆ. ಆದರೆ ಅದನ್ನು ಮಾಡಿದವರ ಹತ್ತಿರ ಕೇಳು. ನನ್ನ ಬದುಕಿನಲ್ಲಿ ಕೈಹಾಕಿ ವಸೂಲು ಮಾಡಬೇಡ.

ಈಗ ನನ್ನ ಸುದ್ದಿ. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಆಪರೇಷನ್ ಕೋಣೆಯ ಎಸಿ ಮೊಂಡು, ದೀಪ ಹಳೆಯದು, ನರ್ಸ್ ನನಗಿಂತ ಸಿಡುಕಿ. ನಮಗಿಬ್ಬರಿಗೂ ಒಳ್ಳೇ ಹೊಂದಾಣಿಕೆ. ಮನೆಯಲ್ಲಿ ಎಲ್ಲ ಸುಖ ಎಂದು ಬರೆದು ನಿನ್ನ ಹೊಟ್ಟೆ ಉರಿಸುವ ಆಸೆ ಇತ್ತು. ಹಾಗಿಲ್ಲ. ನನ್ನ ಫೋನ್ ಬಡಿದುಕೊಂಡರೆ ಅವಳು ಈಗಲೂ ಮಾತು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ನಾನು ಊರಿಗೆ ಹೊರಡುತ್ತೇನೆಂದರೆ ಎಷ್ಟು ದಿನಕ್ಕೆ ಎಂದು ಕೇಳುವುದಿಲ್ಲ, ಬರ್ತೀಯ ತಾನೇ ಎಂದು ಕೇಳುತ್ತಾಳೆ. ಬಟ್ಟೆ ಮಡಿಸುವುದಕ್ಕೆ, ಗೀಸರ್ ಆರಿಸುವುದಕ್ಕೆ ಜಗಳವಾಡುತ್ತೇವೆ. ಜಗಳ ಮುಗಿದ ಮೇಲೂ ಇಬ್ಬರೂ ಅದೇ ಮನೆಯಲ್ಲಿ ಇರುತ್ತೇವೆ. ಅಷ್ಟು ಸಾಕೆನಿಸಿದೆ.

ನಾನು ಬರುವುದಿಲ್ಲ. ಕುರ್ಚಿಗೂ ಇಲ್ಲ, ಉದ್ಘಾಟನೆಗೂ ಇಲ್ಲ. ಅವಳು ಕಿಟಕಿಯಿಲ್ಲದ ರೂಮಿನಲ್ಲಿ ಕೂರಬೇಕಾದ ಕಟ್ಟಡದಲ್ಲಿ ನಾನು ಯಾರ ಕಣ್ಣನ್ನೂ ತೆರೆಸಲಾರೆ. ಅಪ್ಪನ ಕೈನಡುಕಕ್ಕೆ ನರರೋಗ ತಜ್ಞರನ್ನು ತೋರಿಸು, ಬರೀ ವಯಸ್ಸು ಎಂದು ಸುಮ್ಮನಿರಬೇಡ. ಇದು ಡಾಕ್ಟರ್ ಹೇಳುತ್ತಿರುವುದು, ಮಗಳಲ್ಲ.

ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ ತಿಳಿಸು. ಅವಳು ಏನು ಓದಬೇಕೆನ್ನುತ್ತಾಳೋ ಅದನ್ನು ಓದಲಿ, ಯಾರ ಕೈ ಹಿಡಿದು ಬಂದರೂ ಬಾಗಿಲು ತೆಗೆ. ಭಾವನಿಗೆ ನಮಸ್ಕಾರ. ನಿನಗೆ ಒಳ್ಳೆಯದಾಗಲಿ ಎಂದು ಇವತ್ತು ಬರೆಯಲು ಕೈ ಬರುತ್ತಿಲ್ಲ. ಕೆಟ್ಟದಾಗದಿರಲಿ.

ಇಂತಿ,
ನಿನ್ನ ತಂಗಿ

ಮರೆತಿದ್ದು: ಅವಳ ವಿಷಯ ನಾನು ಹೇಳಿದ್ದು ನಿನಗೊಬ್ಬಳಿಗೇ. ನಾನು ಕಲಿಯಲು ಹೊರಡುವ ಮೊದಲು, ಟೆರೇಸಿನಲ್ಲಿ, ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ. ನೀನು ಬೈಯಲಿಲ್ಲ. "ಅವಳು ನಿನ್ನನ್ನ ಚೆನ್ನಾಗಿ ನೋಡ್ಕೋತಾಳಾ?" ಎಂದು ಕೇಳಿದೆ. ಇಲ್ಲಿಯವರೆಗೆ ನನ್ನನ್ನು ಹಾಗೆ ಕೇಳಿದವರು ಬೇರೆ ಯಾರೂ ಇಲ್ಲ. ನೋಡ್ಕೋತಾಳೆ ಅಕ್ಕ. ಮೊನ್ನೆ ಜ್ವರ ಬಂದಿದ್ದಾಗ ಅವಳು ಹಣೆಗೆ ಒದ್ದೆ ಬಟ್ಟೆ ಇಟ್ಟು ಪಕ್ಕದಲ್ಲೇ ಕೂತಿದ್ದಳು. ಅದನ್ನು ನಿನಗೆ ಹೇಳಬೇಕೆಂದು ನನ್ನ ಕೈ ತಾನಾಗಿಯೇ ಫೋನಿನ ಕಡೆ ಹೋಯಿತು.