ಗಂಟಿಗಷ್ಟ ಕೊಡ್ರಿ

ಗೋಕಾಕ
14 ನವೆಂಬರ್ 2024

ಐಶ್ವರ್ಯಳ ಅಪ್ಪನವರಿಗೆ, ಮಾಲಾ ಮಾಡುವ ನಮಸ್ಕಾರಗಳು.

ನಿಮ್ಮ ಫೋನ್ ನಂಬರ್ ಅಳಿಸಿಹಾಕಿ ಆರು ವರ್ಷವಾಯಿತು. ಅದಕ್ಕೇ ಈ ಪತ್ರವನ್ನು ಯಮಕನಮರಡಿಗೆ ಹೊರಟಿರುವ ದುಂಡಪ್ಪ ಕಾಕಾನ ಕೈಯಲ್ಲಿ ಕೊಡುತ್ತಿದ್ದೇನೆ.

ಹೋದ ವರ್ಷ ನನ್ನ ಎದೆಯ ಕ್ಯಾನ್ಸರಿಗೆ ಆಪರೇಷನ್ ಆದದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ಈಗ ಅದು ಮಿದುಳಿಗೆ ಹೋಗಿದೆ. ಮೊದಲ ಸ್ಕ್ಯಾನಿನಲ್ಲಿ ಮೂರು ಗಂಟುಗಳಿದ್ದವು. ಬರೀ ಗಂಟಿಗೆ ಗುರಿಯಿಟ್ಟು ಕಿರಣ ಬಿಡೋಣ, ಒಂದೇ ದಿನದ ಕೆಲಸ, ಉಳಿದ ಮಿದುಳಿಗೆ ಹೆಚ್ಚು ಪೆಟ್ಟು ಬೀಳುವುದಿಲ್ಲ ಎಂದಿದ್ದರು ಬೆಳಗಾವಿಯ ಡಾಕ್ಟರು. ಮಂಗಳವಾರದ ಸ್ಕ್ಯಾನಿನಲ್ಲಿ ಹದಿನಾರು ಕಂಡವು. ಇನ್ನು ಇಡೀ ಮಿದುಳಿಗೇ ಹತ್ತು ದಿನ ಕಿರಣ ಕೊಡಬೇಕಂತೆ. ಬರಬರುತ್ತ ನೆನಪು ಮಾಸಬಹುದಂತೆ.

ಅವರ ಟೇಬಲ್ ಹಿಡಿದುಕೊಂಡು ಬೇಡಿದೆ. "ಗಂಟಿಗಷ್ಟ ಕೊಡ್ರಿ ಡಾಕ್ಟರ, ಉಳಿದದ್ದು ನನಗ ಬೇಕಾಗೇತ್ರಿ."

"ಕಣ್ಣಿಗೆ ಕಾಣದವೂ ಇರ್ತಾವವ್ವಾ. ಬರೇ ಗಂಟಿಗೆ ಕೊಟ್ರ ಎರಡು ತಿಂಗಳದಾಗ ಮತ್ತೊಂದು ಕಡೆ ಏಳ್ತಾವ," ಎಂದರು. ಅಲ್ಲೇ ಅತ್ತುಬಿಟ್ಟೆ. ಸೋಮವಾರ ಶುರು.

ನೆನಪಿರುವಾಗಲೇ ಹೇಳಬೇಕಾದದ್ದು ಒಂದಿದೆ. ನೀವು ಕುಡಿತ ಬಿಟ್ಟು ಬಂದು ಬಾಗಿಲಲ್ಲಿ ನಿಂತ ದಿನ, "ಮಗಳು ನಿಮ್ಮ ಮಾರಿ ನೋಡೂದಿಲ್ಲ ಅಂತಾಳ" ಎಂದೆ. ಅವಳು ಶಾಲೆಯಲ್ಲಿದ್ದಳು. ನಾನು ಅವಳನ್ನು ಕೇಳಿಯೇ ಇರಲಿಲ್ಲ. ಸಂಜೆ ಅವಳಿಗೆ, "ನಿಮ್ಮಪ್ಪ ನಮ್ಮನ್ನ ಮರ್ತಾನ" ಎಂದೆ. ಆಮೇಲೆ ನೀವು ಅವಳಿಗೆ ಬರೆದ ನಾಲ್ಕು ಪತ್ರಗಳನ್ನು ನೀರೊಲೆಗೆ ಹಾಕಿದೆ. ನೀವು ಹೊಡೆದದ್ದನ್ನು ನಾನು ಮರೆತಿರಲಿಲ್ಲ. ಅವಳೂ ಕೈಬಿಟ್ಟು ಹೋದಾಳೆಂಬ ಅಂಜಿಕೆ ಬೇರೆ. ಇದು ಇಷ್ಟು ದಿನ ನನಗೊಬ್ಬಳಿಗೇ ಗೊತ್ತಿತ್ತು. ನಾನು ಮರೆತರೆ ಆ ಸುಳ್ಳೇ ಖರೆಯಾಗಿ ಉಳಿಯುತ್ತದೆ.

ಕ್ಷಮಿಸಿ ಎಂದು ಕೇಳುವ ಬಾಯಿಲ್ಲ ನನಗೆ. ನನ್ನ ನಂತರ ಹುಡುಗಿಗೆ ಯಾರೂ ಇಲ್ಲ. ಅವಳನ್ನು ಹೆಸರು ಹಿಡಿದು ಕರೆಯುವಷ್ಟು ನೆನಪು ಉಳಿದಿರುವಾಗಲೇ ಬನ್ನಿ.

ಇಂತಿ,
ಮಾಲಾ

ತಾ.ಕ.: ಅಪ್ಪಾ, ಅವ್ವನ ಬಲಗೈ ಎಂಟು ದಿನದಿಂದ ಏಳುತ್ತಿಲ್ಲ. ಅವಳು ಹೇಳಿದ್ದನ್ನೆಲ್ಲ ಬರೆದದ್ದು ನಾನು, ಐಶ್ವರ್ಯ. ನಿಮ್ಮ ಪತ್ರ ಸುಟ್ಟ ಮಾತು ಬಂದಾಗ ಪೆನ್ನು ಕೆಳಗಿಟ್ಟೆ. "ಬರಿ, ಬಿಡಬ್ಯಾಡ" ಎಂದಳು. ಬರೆದೆ. ಅವಳ ಮೇಲೆ ಕೆಟ್ಟ ಸಿಟ್ಟು ಬಂದಿದೆ, ಅವಳ ತಲೆ ನನ್ನ ತೊಡೆಯ ಮೇಲೇ ಇದೆ. ಸೋಮವಾರ ಮುಂಜಾನೆ ಏಳಕ್ಕೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇವೆ. ಅವಳನ್ನು ಬೆಳಗಾವಿ ಬಸ್ಸಿಗೆ ಹತ್ತಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ಬರ್ರಿ.