ಒಂದೇ ಉಸಿರಿನ ಗೆರೆ

ಮಾರ್ಚ್ ೯, ಭಾನುವಾರ

ಪರಮಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ಈ ಮನೆಯ ಕಟ್ಟಕಡೆಯ ಪ್ರಜೆಯಾದ ನಿನ್ನ ತಂಗಿ ಮಾಡುವ ನಮಸ್ಕಾರಗಳು. ಕಾಗದ ತಡವಾಯಿತು, ಕ್ಷಮಿಸತಕ್ಕದ್ದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಕಿವಿ ಎಂಥ ಚುರುಕು ಎಂಬುದು ತಮಗೆ ತಿಳಿದದ್ದೇ, ಮತ್ತು ವಿಷಯ ಅಪ್ಪನದೇ.

ಆಸ್ಪತ್ರೆಯಿಂದ ಕಳಿಸುವಾಗ ಹೃದಯದ ಡಾಕ್ಟರು ಹೇಳಿದ್ದರಲ್ಲ, "ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ನಿಮ್ದು. ಓಡಿ, ಇಲ್ಲಾ ಈಜಿ. ಸುಮ್ನೆ ಕೂತ್ರೆ ಮತ್ತೆ ಇಲ್ಲಿಗೇ ಬರ್ತೀರಿ. ಆಗ ನಡ್ಕೊಂಡು ಮನೆಗೆ ಹೋಗ್ತೀರಿ ಅಂತ ನಾನು ಹೇಳಲ್ಲ."

ಅಪ್ಪ ಓಟವನ್ನೇ ಆರಿಸಿದರು. "ಚಡ್ಡೀಲಿ ನಾಲ್ಕು ಜನರ ಮುಂದೆ ನಿಲ್ಲೋದಕ್ಕಿಂತ ಹೃದಯ ನಿಂತ್ರೇ ವಾಸಿ" ಎಂದರು. ಓಟವೆಂದರೆ ಎಂಥ ಓಟ! ತಾವೇ ಬರೆದ ಅಂಗಡಿ ಬೋರ್ಡು ಕಂಡಲ್ಲೆಲ್ಲ ನಿಂತು, ಬಣ್ಣ ಎದ್ದಿದೆಯೇ ಎಂದು ಉಗುರಿನಿಂದ ಕೆರೆದು ನೋಡುವುದು. ಆದರೂ ವಾರದಲ್ಲಿ ಮಂಡಿ ಊದಿಕೊಂಡಿತು. ಆಯಸ್ಸೆಲ್ಲ ಏಣಿಯ ಮೇಲೆ ಕಳೆದ ಮಂಡಿ ಅದು. "ಓಡೋದು ನೀವು, ಎಣ್ಣೆ ತಿಕ್ಕೋದು ನಾನು. ನಾಳೆಯಿಂದ ನೀರಿಗಿಳೀರಿ" ಎಂದು ಅಮ್ಮ ತೀರ್ಪು ಕೊಟ್ಟಳು.

ಈಜು ಕಲಿಸುವವರಿಗೆ ನಾನು 'ಸೀಟಿ ಸಾಹೇಬ' ಎಂದು ನಾಮಕರಣ ಮಾಡಿದ್ದೇನೆ. "ಮೊಣಕಾಲಿಂದ ಒದೀಬೇಡಿ, ಸೊಂಟದಿಂದ ಒದೀರಿ. ಮುಖ ನೀರೊಳಗಿದ್ದಾಗ ಗುಳ್ಳೆ ಬಿಡ್ತಾ ಇರಿ, ಪಕ್ಕಕ್ಕೆ ತಿರುಗಿದಾಗ ಉಸಿರು ತಗೊಳ್ಳಿ" ಎಂದು ಅವರ ಪಾಠ. ಅಪ್ಪನಿಗೆ ಎಲ್ಲವೂ ಬಂತು, ಗುಳ್ಳೆಯೊಂದು ಬರಲಿಲ್ಲ. ಬ್ರಷ್ ಇಟ್ಟ ಮೇಲೆ ಗೆರೆ ಮುಗಿಯುವ ತನಕ ಉಸಿರು ಬಿಡಬಾರದು, ಬಿಟ್ಟರೆ ಕೈ ನಡುಗುತ್ತದೆ ಎಂಬುದು ಬೋರ್ಡು ಬರೆಯುವ ನಮ್ಮ ಅಂಗಡಿಯ ಕಾನೂನಲ್ಲವೇ? ಈಜುಕೊಳದ ತಳದಲ್ಲೋ, ಈ ತುದಿಯಿಂದ ಆ ತುದಿಗೆ ಒಂದು ಕಪ್ಪು ಗೆರೆ.

ಒಂದು ದಿನ ಅಪ್ಪ ಹಲಗೆಯಂತೆ ನೇರವಾಗಿ ತೇಲುತ್ತ ಹೊರಟರು. ನಾನು ದಂಡೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅರ್ಧ ದಾರಿಯಲ್ಲಿ ಕೈ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಸೀಟಿ ಸಾಹೇಬರು ಬಟ್ಟೆಯಲ್ಲೇ ಧುಮುಕಿ ಎಳೆದು ತಂದಾಗ ಅಪ್ಪನ ತುಟಿ ನೀಲಿ.

"ಯಾಕ್ರೀ ಉಸಿರು ಬಿಡ್ಲಿಲ್ಲ?" ಎಂದರು ಸಾಹೇಬರು.

"ಗೆರೆ... ಇನ್ನೂ ಮುಗಿದಿರ್ಲಿಲ್ಲ."

ನನಗೆ ನಗು ಬಂತು. ನಗುತ್ತಲೇ ಅವರ ತಲೆ ಒರೆಸಿದೆ, ಒಣಗಿದ ಮೇಲೂ ಒರೆಸುತ್ತಲೇ ಇದ್ದೆ.

ಡಾಕ್ಟರು ಕೆಂಡಾಮಂಡಲವಾದರು. "ಈ ಹೃದಯ ಇಟ್ಕೊಂಡು ಉಸಿರು ಕಟ್ಟೋದಾ? ನೀರಲ್ಲೂ ಬೇಡ, ನೆಲದ ಮೇಲೂ ಬೇಡ. ಬಿಡೋದು ಕಲೀರಿ."

ಅಂದಿನಿಂದ ಬಚ್ಚಲಲ್ಲಿ ಬಕೆಟ್ ಪಾಠ. ಅಪ್ಪನ ಮುಖ ನೀರಲ್ಲಿ, ಅಮ್ಮ ಸೌಟು ಹಿಡಿದು ಪಕ್ಕದಲ್ಲಿ. "ಗುಳ್ಳೆ ಕಾಣಿಸ್ತಿಲ್ಲ! ಜೋರಾಗಿ ಬಿಡಿ!" ಅಪ್ಪ ತಲೆಯೆತ್ತಿ, "ಮರ್ಯಾದೆ ಒಂದು ಬಾಕಿ ಇತ್ತು, ಅದೂ ಮುಳುಗ್ತು ಕಣೇ" ಎಂದರು. ಆದರೆ ಕಲಿತರು, ಅಕ್ಕ. ಈಗ ಒಂದೊಂದು ಕೈ ಬೀಸಿಗೂ ಉಸಿರು ತಾನಾಗಿ ಹೊರಗೆ ಬರುತ್ತದೆ. ಮೊನ್ನೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು, "ಭೇಷ್" ಎಂದರು. ಅಮ್ಮ ದಾರಿಯುದ್ದಕ್ಕೂ ತಾನೇ ಈಜಿ ಗೆದ್ದವಳಂತೆ ಬೀಗಿಕೊಂಡು ಬಂದಳು.

ಭಾವನಿಗೆ ನನ್ನ ಗೌರವಗಳು, ಪುಟ್ಟನ ಕೆನ್ನೆಗೆ ಒಂದು ಚಿವುಟು. ಹಿರಿಯಳಾದ ನೀನು ಆಶೀರ್ವಾದವನ್ನು ಬುಟ್ಟಿಗಟ್ಟಲೆ ಕಳಿಸು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಎಂದು ಕಿರಿಯಳಾದ ನಾನೇ ಹರಸಿಬಿಟ್ಟಿದ್ದೇನೆ, ಅಧಿಕಪ್ರಸಂಗ ಮನ್ನಿಸುವುದು.

ನಿನ್ನ ಶಾಶ್ವತ ತಲೆನೋವು,
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮೊನ್ನೆ ಔಷಧಿ ಅಂಗಡಿಯ ಬೋರ್ಡು ಬರೆಯುವಾಗ ಗೆರೆಯ ನಡುವೆ ಅಪ್ಪನ ಬಾಯಿಂದ 'ಫೂ' ಎಂದು ಉಸಿರು ಹೊರಬಂತು. ಗೆರೆ ನಡುಗಿತು. ಒರೆಸಿ ಮತ್ತೆ ಎಳೆದರು, ಮತ್ತೆ 'ಫೂ'. ಬ್ರಷ್ಷನ್ನು ನನ್ನ ಕೈಗಿಟ್ಟು, "ನೀನೇ ಎಳಿ ಮಗಾ" ಎಂದರು. ಅವರು ಹಾಗೆ ಅಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನಿನ್ನೆಯಿಂದ ಈಜಿಗೆ ಹೋಗಿಲ್ಲ. ತಮಗೆ ನೆಗಡಿ ಎಂದು ಅಮ್ಮನಿಗೆ ಹೇಳಿದ್ದಾರೆ. ಈಗ ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬರೇ ಹಳೇ ತಗಡಿನ ಮೇಲೆ ಎಳೆಯುತ್ತಿದ್ದಾರೆ. ಕಿಟಕಿಯಿಂದ ನೋಡಿ ಬಂದೆ, ಒಂದು 'ಫೂ' ಕೂಡ ಕೇಳಿಸಲಿಲ್ಲ. ಗೆರೆ ಮತ್ತೆ ನೆಟ್ಟಗೆ ಬರುತ್ತಿದೆ, ಅಕ್ಕಾ. ಬೇಗ ಬಾ.