ಐದಕ್ಕೂ ಒಂದೇ ನಾಬ್

ಮಾರ್ಚ್ 3, ಸೋಮವಾರ

ಮತ್ತೆ ಅದೇ ಮೀಟಿಂಗ್. ಮಿಕ್ಸರ್, ಕೆಟಲ್, ಟೋಸ್ಟರ್, ಹೀಟರ್, ಇಸ್ತ್ರಿಪೆಟ್ಟಿಗೆ — ನಾನು ವಿನ್ಯಾಸ ಮಾಡಿದ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೇ ಬೂದು ಬಣ್ಣ, ಒಂದೇ ಅಂಚು, ತಿರುಗಿಸಲು ಒಂದೇ ದುಂಡು ನಾಬ್. ನೋಡಿದ ಕೂಡಲೇ ಒಂದೇ ಮನೆಯವು ಅನ್ನಿಸಬೇಕು. ಎಂಟು ತಿಂಗಳಿಂದ ಇಷ್ಟನ್ನೇ ಹೇಳುತ್ತಿದ್ದೇನೆ. ಮಾರ್ಕೆಟಿಂಗಿನವನಿಗೆ ಟೋಸ್ಟರಿನ ಮೇಲೆ ಕೆಂಪು ಪಟ್ಟಿ ಬೇಕಂತೆ.

“ಅಂಗಡೀಲಿ ಎದ್ದು ಕಾಣ್ಬೇಕು ಮೇಡಂ.”

“ನಾಲ್ಕು ಜನ ಹಾಡ್ತಿರುವಾಗ ಒಬ್ಬ ಶಿಳ್ಳೆ ಹೊಡೆದ್ರೂ ಎದ್ದು ಕಾಣ್ತಾನೆ.”

ಎಂಡಿ ನಕ್ಕರು. ಪಟ್ಟಿ ಮಾತ್ರ ಹಾಗೇ ಉಳಿಯಿತು.

ಮಾರ್ಚ್ 5

ಕೆಂಪು ಹೋಯಿತು. ಹಾಳಾದ್ದು, ಈಗ ನೀಲಿ.

ಮಾರ್ಚ್ 14, ಶುಕ್ರವಾರ

ಒಪ್ಪಿಗೆ! ಯಾವ ಪಟ್ಟಿಯೂ ಇಲ್ಲ. ಸೋಮವಾರ ಡ್ರಾಯಿಂಗಿಗೆ ನನ್ನ ಸಹಿ, ಆಮೇಲೆ ಅಚ್ಚು ಕೊರೆಯುತ್ತಾರೆ. ಅಚ್ಚಾದ ಮೇಲೆ ಒಂದು ಗೆರೆಯೂ ಬದಲಾಗದು. ಸ್ಯಾಂಪಲ್ ಮಿಕ್ಸರ್, ಕೆಟಲ್ ಮನೆಗೆ ತಂದೆ.

“ಇವೆಲ್ಲ ಅಕ್ಕತಂಗೀರಮ್ಮ.”

ಅಮ್ಮ ನಾಬ್‌ಗಳ ಮೇಲೆ ಕೈಯಾಡಿಸಿ ನೋಡಿದಳು. “ಚೆನ್ನಾಗಿದೆ ಕಣೆ. ಅಕ್ಕ ಯಾವಳು, ತಂಗಿ ಯಾವಳು?”

ತಮಾಷೆ ಅಂದುಕೊಂಡೆ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 11

ಅಮ್ಮ ಮಿಕ್ಸರ್ ಜಾರಿಗೆ ಚಮಚ ಹಾಕಿ ಕೆರೆಯುತ್ತಿದ್ದಳು. ಪಕ್ಕದಲ್ಲಿ ಕೆಟಲ್ ಕುದಿಯಿತು. ಆರಿಸಲು ಎಡಕ್ಕೆ ತಿರುಗಿಸಬೇಕು. ಕೈಗೆ ಸಿಕ್ಕ ನಾಬನ್ನು ಎಡಕ್ಕೆ ತಿರುಗಿಸಿದಳು — ಅದು ಮಿಕ್ಸರಿನದು. ಎಡಕ್ಕೆ ತಿರುಗಿಸಿದರೆ ಅದು ಭರ್ರೆಂದು ಸುತ್ತುತ್ತದೆ. ಚಮಚ ಎಗರಿ ಕನ್ನಡಕಕ್ಕೆ ಬಡಿಯಿತು. ಗಾಜು ಒಡೆಯಿತು. ಕಣ್ಣು ಉಳಿಯಿತು.

“ನೋಡಿ ಮುಟ್ಟಬಾರದೇನಮ್ಮ?” ರೇಗಿದೆ.

“ಅಡುಗೆಮನೇಲಿ ಕೈಯೇ ನೋಡೋದು. ನೀನು ಅಕ್ಕತಂಗೀರು ಅಂದೆ. ಹೆತ್ತಿರೋದು ಅವಳಿ.”

ಪ್ರಾಸದಲ್ಲಿ ಒಂದಾಗುವುದು ಅಕ್ಷರ, ಪದವಲ್ಲ. ಇಷ್ಟು ವರ್ಷ ಕವಿತೆ ಓದಿದವಳು ಒಂದೇ ಪದವನ್ನು ಐದು ಸಲ ಬರೆದು ಪ್ರಾಸ ಅಂದುಕೊಂಡೆ.

ಸಂಜೆ 5

ಎಂಡಿಗೆ ಫೋನ್. ಅಮ್ಮನ ಕನ್ನಡಕದ ಕಥೆ ಹೇಳಿ, ನಾಬ್ ಬದಲಿಸಬೇಕು ಅಂದೆ.

“ಒಂದೇ ಥರ, ಒಂದೇ ಥರ ಅಂತ ತಲೆ ತಿಂದ್ರಿ. ಈಗ ನೀವೇ ಬೇರೆ ಅಂತೀರಾ?”

“ಬಣ್ಣ, ಅಂಚು ಹಾಗೇ ಇರಲಿ ಸರ್. ಮಿಕ್ಸರ್ ನಾಬಿನ ಸುತ್ತ ಮಾತ್ರ ಹಲ್ಲು ಬೇಕು. ಕೈಗೆ ಗೊತ್ತಾಗ್ಬೇಕು.”

“ನಿಮ್ಮಮ್ಮಂಗೆ ವಯಸ್ಸಾಗಿದೆ ಮೇಡಂ.”

ಉತ್ತರ ಹೊಳೆದದ್ದು ಫೋನಿಟ್ಟ ಮೇಲೆ. ಮಿಕ್ಸರ್, ಕೆಟಲ್ ಎರಡನ್ನೂ ಚೀಲಕ್ಕೆ ತುಂಬಿದೆ.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 10.40

ಸಹಿ ಹಾಕಲಿಲ್ಲ. ಮಿಕ್ಸರ್ ನಾಬಿಗೆ ಹಲ್ಲು ಬೇಕೆಂದು ಎಲ್ಲರೆದುರೂ ಹೇಳಿದೆ. ಜಾರ್ ತೆಗೆದ ಮಿಕ್ಸರ್, ಪಕ್ಕದಲ್ಲಿ ಕೆಟಲ್ — ಎಂಡಿ ಮುಂದೆ ಇಟ್ಟೆ. “ಕಣ್ಣು ಮುಚ್ಚಿ ಕೆಟಲ್ ಆರಿಸಿ ಸರ್. ಆರಿಸಿದ್ರೆ ಈಗಲೇ ಸಹಿ.” ನಗುತ್ತಲೇ ಮುಚ್ಚಿದರು. ನಾಬ್ ಸವರಿದರು, ಇನ್ನೊಂದನ್ನೂ ಸವರಿದರು, ತಿರುಗಿಸಿದರು. ಮಿಕ್ಸರ್ ಭರ್ರೆಂದಿತು. ಸುಟ್ಟುಕೊಂಡವರ ಹಾಗೆ ಕೈ ಎಳೆದುಕೊಂಡರು.

ಡ್ರಾಯಿಂಗ್ ಒಯ್ಯಲು ಬಂದಿದ್ದ ಅಚ್ಚಿನ ಕಾರ್ಖಾನೆಯ ಮೇಸ್ತ್ರಿ ಜೇಬಿನಿಂದ ಪೆನ್ಸಿಲ್ ತೆಗೆದರು.

“ಎಷ್ಟು ಹಲ್ಲು ಮೇಡಂ?”

ಎಂಡಿ ಇನ್ನೂ ಹೂಂ ಅಂದಿಲ್ಲ. ಐದು ನಿಮಿಷ ಅಂತ ನನ್ನ ಕೋಣೆಗೆ ಬಂದಿದ್ದೇನೆ. ಕರೆಯುತ್ತಿದ್ದಾರೆ. ಆರು ಸಾಕೇ, ಅಥವಾ